ನರ್ಸರಿಯಲ್ಲಿ ಕೆಲಸ ಮಾಡುತ್ತಲೇ ಲೆವೆಲ್ 3 ಮಾಡಬಹುದೇ? ಎಲ್ಲಿ ಎಡವುತ್ತಾರೆ?

ಇಂಗ್ಲೆಂಡಿನ ಒಂದು ನರ್ಸರಿಯಲ್ಲಿ ವಾರಕ್ಕೆ ನಾಲ್ಕು ದಿನ ಅಸಿಸ್ಟೆಂಟ್ ಆಗಿದ್ದೀರಿ, ಬೇಬಿ ರೂಮಿನಲ್ಲಿ ಕೆಲಸ, ಕೈಯಲ್ಲಿರುವುದು ಬಿಕಾಂ ಪದವಿ. ಕೆಲಸ ಬಿಡದೆ ಅರ್ಲಿ ಇಯರ್ಸ್ ಎಜುಕೇಟರ್ ಲೆವೆಲ್ 3 (ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ, ಕಲಿಸುವ ಸಿಬ್ಬಂದಿಯ ಡಿಪ್ಲೊಮಾ) ಮುಗಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಮುಗಿಸಬಹುದು. ಕೆಲಸ ಮಾಡುತ್ತಲೇ ಓದುವವರಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಹಿಡಿಯುತ್ತದೆ. ಇಂಥವರ ಪೋರ್ಟ್‌ಫೋಲಿಯೋ (ಕೆಲಸದ ಪುರಾವೆಗಳ ಕಡತ) ನೋಡುವುದೇ ನನ್ನ ಕೆಲಸ. ನನ್ನ ಪ್ರಕಾರ ಕೆಲಸದಲ್ಲಿರುವುದು ನಿಮಗೆ ಅಡ್ಡಿಯಲ್ಲ, ಅದೇ ನಿಮ್ಮ ಬಂಡವಾಳ. ಈ ಡಿಪ್ಲೊಮಾದಲ್ಲಿ ಬರೆದು ತೋರಿಸುವುದಕ್ಕಿಂತ ಮಾಡಿ ತೋರಿಸುವುದಕ್ಕೇ ತೂಕ ಹೆಚ್ಚು.

ದುಡ್ಡು ಕಟ್ಟುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ‘ಚೈಲ್ಡ್‌ಕೇರ್ ಲೆವೆಲ್ 3’ ಕೋರ್ಸುಗಳಲ್ಲಿ ಎಷ್ಟೋ ಬರೀ ಓದಿ ಮುಗಿಸುವಂಥವು. ಅಸೆಸರ್ (ಮೌಲ್ಯಮಾಪಕರು) ಬಂದು ನಿಮ್ಮ ಕೆಲಸ ನೋಡುವುದೇ ಇಲ್ಲ. ಅಂಥ ಸರ್ಟಿಫಿಕೇಟ್ ಒಂದನ್ನೇ ನಂಬಿ ಮ್ಯಾನೇಜರ್ ನಿಮ್ಮನ್ನು ಲೆವೆಲ್ 3 ಸಿಬ್ಬಂದಿ ಎಂದು ರೇಷಿಯೋದಲ್ಲಿ (ಇಷ್ಟು ಮಕ್ಕಳಿಗೆ ಇಷ್ಟು ಸಿಬ್ಬಂದಿ ಎಂಬ ನಿಯಮದಲ್ಲಿ) ಲೆಕ್ಕ ಹಿಡಿಯುವಂತಿಲ್ಲ. ಸರ್ಕಾರದ ಗವ್.ಯುಕೆ ತಾಣದಲ್ಲಿ ಅರ್ಲಿ ಇಯರ್ಸ್ ಅರ್ಹತೆಗಳನ್ನು ಪರಿಶೀಲಿಸುವ ಸೇವೆಯಿದೆ. ಕೋರ್ಸಿನ ಪೂರ್ತಿ ಹೆಸರು, ಅರ್ಹತಾ ಸಂಖ್ಯೆ, ಕೊಡುವ ಸಂಸ್ಥೆ (ಎನ್‌ಸಿಎಫ್‌ಇ ಕೇಶ್, ಪಿಯರ್ಸನ್, ಸಿಟಿ ಅಂಡ್ ಗಿಲ್ಡ್ಸ್ ಇತ್ಯಾದಿ) ಕೇಳಿ ತಗೊಂಡು ಅಲ್ಲಿ ತಾಳೆ ನೋಡಿ. ನಿಮ್ಮ ಬಿಕಾಂ ಮಕ್ಕಳ ವಿಷಯದ್ದಲ್ಲವಾದ್ದರಿಂದ ಅದೊಂದೇ ಈ ಲೆಕ್ಕಕ್ಕೆ ಸಾಲುವುದಿಲ್ಲ.

ರೇಷಿಯೋ ಯಾಕೆ ಇಷ್ಟು ಮುಖ್ಯ ಅಂದರೆ, ನರ್ಸರಿ ನಡೆಯುವುದೇ ಅದರ ಮೇಲೆ. ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, ಎರಡು ವರ್ಷದ 5 ಮಕ್ಕಳಿಗೆ ಒಬ್ಬರು, ಮೂರು ದಾಟಿದ 8 ಮಕ್ಕಳಿಗೆ ಒಬ್ಬರು. ಪ್ರತಿ ಗುಂಪಿನಲ್ಲೂ ಕನಿಷ್ಠ ಒಬ್ಬರಾದರೂ ಲೆವೆಲ್ 3 ಇರಬೇಕು. ಹಾಗಾಗಿ ನೀವು ಪಾಸಾದರೆ ಮ್ಯಾನೇಜರ್‌ಗೂ ಲಾಭವಿದೆ. ಓದುವುದಕ್ಕೆ ಸಮಯ ಕೇಳಲು ಹಿಂಜರಿಯಬೇಡಿ.

ಇನ್ನು ಓದಿನ ವಿಚಾರ. ವಾರಕ್ಕೆ ಐದಾರು ಗಂಟೆ ಬೇಕು. ಒಂಬತ್ತು ಗಂಟೆ ಮಕ್ಕಳ ಹಿಂದೆ ಓಡಿ ಮನೆಗೆ ಬಂದ ರಾತ್ರಿ ಪ್ರಬಂಧ ಬರೆಯಲು ಕೂರಬೇಡಿ, ಅದು ಸಾಗುವುದಿಲ್ಲ. ವಾರದಲ್ಲಿ ಎರಡು ರಜೆಯ ದಿನ ಬೆಳಿಗ್ಗೆ ಎರಡೂವರೆ ಗಂಟೆ ಒಟ್ಟಿಗೆ ಕೂತು ಬರೆಯಿರಿ. ಉಳಿದ ದಿನಗಳಲ್ಲಿ ಶಿಫ್ಟ್ ಮುಗಿದ ಕೂಡಲೇ ಹತ್ತೇ ನಿಮಿಷ, ಅವತ್ತು ನಡೆದದ್ದನ್ನು ಗುರುತು ಹಾಕಿಕೊಳ್ಳಿ. ಎರಡು ದಿನ ಬಿಟ್ಟರೆ ಮಗು ಏನಂದಿತು, ಯಾವ ಕೈಯಲ್ಲಿ ಹಿಡಿದಿತ್ತು ಎಂಬುದೆಲ್ಲ ಮರೆತುಹೋಗುತ್ತದೆ. ಅಬ್ಸರ್ವೇಶನ್‌ಗೆ (ಮಗುವನ್ನು ಗಮನಿಸಿ ಬರೆಯುವ ದಾಖಲೆಗೆ) ಬೇಕಾಗುವುದು ಅದೇ.

ಹೆಚ್ಚು ಜನ ಸೋಲುವುದು ಈ ಅಬ್ಸರ್ವೇಶನ್‌ನಲ್ಲೇ. ‘ಮಗು ಖುಷಿಯಾಗಿ ಬ್ಲಾಕ್ ಆಡಿತು’ ಎಂದು ಬರೆದು ಕಳಿಸುತ್ತಾರೆ. ಅದು ನಿಮ್ಮ ಅಭಿಪ್ರಾಯ, ಕಂಡದ್ದಲ್ಲ. ಹೀಗೆ ಬರೆಯಿರಿ: ‘ಮಗು ಎ, 2 ವರ್ಷ 4 ತಿಂಗಳು. ನೆಲದ ಮೇಲೆ ಕೂತು ಬಲಗೈಯಿಂದ ನಾಲ್ಕು ಬ್ಲಾಕ್ ಒಂದರ ಮೇಲೊಂದು ಇಟ್ಟ. ಐದನೆಯದು ಬಿತ್ತು. ನನ್ನ ಕಡೆ ನೋಡಿ “ಅಗೇನ್” ಎಂದ. ಬಿದ್ದದ್ದನ್ನು ಎತ್ತಿ ಮತ್ತೆ ಇಟ್ಟ.’ ಇಷ್ಟರಲ್ಲೇ ಇಂಗ್ಲೆಂಡಿನ ಪುಟ್ಟ ಮಕ್ಕಳ ಕಲಿಕೆಯ ಚೌಕಟ್ಟಾದ ಇವೈಎಫ್‌ಎಸ್‌ನ ಮೂರು ಪ್ರಧಾನ ಕ್ಷೇತ್ರಗಳೂ ಬಂದವು: ಬೆರಳಿನ ಹಿಡಿತ ದೈಹಿಕ ಬೆಳವಣಿಗೆಗೆ, ‘ಅಗೇನ್’ ಮಾತು ಮತ್ತು ಭಾಷೆಗೆ, ಬಿದ್ದರೂ ಬಿಡದೆ ಮತ್ತೆ ಇಟ್ಟದ್ದು ಭಾವನಾತ್ಮಕ ಬೆಳವಣಿಗೆಗೆ. ಮುಂದಿನ ಹೆಜ್ಜೆ ಏನು ಎಂದೂ ಬರೆಯಬೇಕು. ನೀವು ಬುಡದ ಬ್ಲಾಕ್ ಅಲುಗದಂತೆ ಹಿಡಿದರೆ ಅವನು ಐದನೆಯದನ್ನು ಇಡಬಲ್ಲ. ಮನೋವಿಜ್ಞಾನಿ ವೈಗಾಟ್‌ಸ್ಕಿ ಹೇಳಿದ್ದು ಇದನ್ನೇ: ಮಗು ಒಂಟಿಯಾಗಿ ಮಾಡಲಾಗದ್ದನ್ನು ಸ್ವಲ್ಪ ಆಸರೆ ಸಿಕ್ಕರೆ ಮಾಡುತ್ತದೆ. ಸಿದ್ಧಾಂತವನ್ನು ಹೀಗೆ ನಿಮ್ಮ ಕಣ್ಣೆದುರಿನ ಮಗುವಿಗೆ ಹೊಂದಿಸಿ. ಪಿಯಾಜೆ, ಬೌಲ್ಬಿಯಂಥ ಮನೋವಿಜ್ಞಾನಿಗಳ ಬಗ್ಗೆ ಎರಡು ಪುಟ ಬೇರೆಲ್ಲಿಂದಲೋ ತಂದು ಅಂಟಿಸಿದರೆ ಅಸೆಸರ್‌ಗೆ ತಕ್ಷಣ ಗೊತ್ತಾಗುತ್ತದೆ.

ಮಗುವಿನ ಹೆಸರು, ನರ್ಸರಿಯ ಹೆಸರು ಎಲ್ಲೂ ಬರೆಯಬೇಡಿ. ಸ್ವಂತ ಫೋನಿನಲ್ಲಿ ಮಕ್ಕಳ ಫೋಟೋ ತೆಗೆಯಲೇಬೇಡಿ. ಕೋರ್ಸಿಗಾಗಿ ಎಂಬ ಕಾರಣ ಇಲ್ಲಿ ನಡೆಯುವುದಿಲ್ಲ, ಕೆಲಸಕ್ಕೇ ಕುತ್ತು ಬರಬಹುದು.

ಅಸೆಸರ್ ಬರುವ ದಿನ ಅಂತ ವಿಶೇಷ ಚಟುವಟಿಕೆ ಹೂಡುವವರಿದ್ದಾರೆ. ಬೇಡ. ಒಂದು ನ್ಯಾಪಿ ಬದಲಿಸುವುದನ್ನು ಸರಿಯಾಗಿ ಮಾಡಿ ತೋರಿಸಿ: ಕೈ ತೊಳೆದು ಏಪ್ರನ್, ಗ್ಲೌಸ್ ಹಾಕುವುದು, ಮ್ಯಾಟ್ ಒರೆಸುವುದು, ಮಗುವಿನ ಮುಖ ನೋಡಿ ಮುಂದೆ ಏನು ಮಾಡುತ್ತೀರೆಂದು ಹೇಳುತ್ತಾ ಹೋಗುವುದು, ಮೈಮೇಲೆ ಕೆಂಪಾಗಿದ್ದರೆ ರೂಮ್ ಲೀಡರ್‌ಗೆ ತಿಳಿಸುವುದು, ಕೊನೆಗೆ ಮತ್ತೆ ಕೈ ತೊಳೆದು ಸಮಯ ದಾಖಲಿಸುವುದು. ನೈರ್ಮಲ್ಯ, ಸೇಫ್‌ಗಾರ್ಡಿಂಗ್ (ಮಕ್ಕಳ ಸುರಕ್ಷತೆ), ಸಂವಹನ, ದಾಖಲೆ ಎಲ್ಲಕ್ಕೂ ಪುರಾವೆ ಒಂದೇ ಸಲಕ್ಕೆ ಸಿಕ್ಕಿತು. ಅಸೆಸರ್ ನೋಡದ ಕೆಲಸಕ್ಕೆ ರೂಮ್ ಲೀಡರ್ ಸಾಕ್ಷಿಪತ್ರ ಬರೆದುಕೊಡಬೇಕು. ಅದನ್ನು ಅದೇ ವಾರ ತಾರೀಕು, ಸಹಿ ಹಾಕಿಸಿ ತಗೊಳ್ಳಿ. ಅವರು ಕೆಲಸ ಬಿಟ್ಟು ಹೋದಮೇಲೆ ಹುಡುಕಾಡಿ ಪ್ರಯೋಜನವಿಲ್ಲ.

ನಿಮಗೆ ವಿಶೇಷವಾಗಿ ಹೇಳಬೇಕಾದ ಮಾತು: ಬೇಬಿ ರೂಮಿನಲ್ಲೇ ಉಳಿದರೆ ಕೋರ್ಸ್ ಮುಗಿಯುವುದಿಲ್ಲ. ಹುಟ್ಟಿನಿಂದ 5 ವರ್ಷದವರೆಗಿನ ಮಕ್ಕಳ ಜೊತೆ ಕೆಲಸ ಮಾಡುವುದು ಬರಬೇಕು, 7ರವರೆಗಿನ ಬೆಳವಣಿಗೆ ಗೊತ್ತಿರಬೇಕು. ಫೋನಿಕ್ಸ್ (ಅಕ್ಷರಗಳ ಸದ್ದು ಕಲಿಸುವುದು), ಶಾಲೆಗೆ ಸಿದ್ಧಗೊಳಿಸುವುದು ಇವಕ್ಕೆಲ್ಲ ಪುರಾವೆ ಸಿಗುವುದು ಪ್ರೀಸ್ಕೂಲ್ ರೂಮಿನಲ್ಲಿ. ಅಲ್ಲಿ ಕೆಲವು ವಾರ ಹಾಕಿಕೊಡಿ ಎಂದು ಮೊದಲ ತಿಂಗಳಲ್ಲೇ ಕೇಳಿ. ಕೊನೆಗೆ ಕೇಳಿದರೆ ರೋಟಾ (ಪಾಳಿಯ ಪಟ್ಟಿ) ಹೊಂದುವುದಿಲ್ಲ, ಮುಗಿಸುವ ದಿನ ಮುಂದೆ ಹೋಗುತ್ತಲೇ ಇರುತ್ತದೆ.

ಪೀಡಿಯಾಟ್ರಿಕ್ ಫಸ್ಟ್ ಏಡ್ (ಮಕ್ಕಳ ಪ್ರಥಮ ಚಿಕಿತ್ಸೆ) ಪೂರ್ಣ ಕೋರ್ಸ್ 12 ಗಂಟೆಯದು, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು. ಅದಿಲ್ಲದೆ ಹೊಸ ಅರ್ಹತೆಯೂ ರೇಷಿಯೋಗೆ ಉಪಯೋಗಕ್ಕೆ ಬಾರದೇ ಹೋಗಬಹುದು, ಹಾಗಾಗಿ ಈಗಲೇ ಮುಗಿಸಿಬಿಡಿ. ಫೀಸು ನರ್ಸರಿಯವರೇ ಕಟ್ಟುತ್ತೇವೆ ಎಂದರೆ ಒಪ್ಪಂದದ ಪತ್ರ ಕೇಳಿ ಪೂರ್ತಿ ಓದಿ. ಮುಗಿದ ಮೇಲೆ ಇಷ್ಟು ಕಾಲ ಅಲ್ಲೇ ಇರಬೇಕು, ಬಿಟ್ಟರೆ ಹಣ ವಾಪಸ್ ಎಂಬ ಷರತ್ತು ಇರುವುದುಂಟು. ಎಷ್ಟು ತಿಂಗಳು, ಎಷ್ಟು ಮೊತ್ತ, ನೀವು ಅಲ್ಲಿ ಇದ್ದಷ್ಟು ಕಾಲಕ್ಕೆ ಅದು ಇಳಿಯುತ್ತಾ ಬರುತ್ತದೆಯೇ ಎಂದು ಬರಹದಲ್ಲಿ ನೋಡಿಕೊಂಡು ಆಮೇಲೆ ಸಹಿ ಹಾಕಿ.