ನೊಣಕ್ಕೆ ನಾಲ್ಕೇ ಸಾಲು ಕೊಟ್ಟಿರಲ್ಲ!

ಪ್ರಿಯ ಬರಹಗಾರರೇ,

ಹೊಸ ಪ್ರಭೇದಗಳು ಹುಟ್ಟುವ ಬಗೆಯ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಹಾಕಲು ಬರುವುದಿಲ್ಲ. ಹಾಗೆಂದು ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಕಾರಣ, ಆರನೇ ಪುಟದ ನೊಣ.

ಮೊದಲೆರಡು ಪುಟ ಡಾರ್ವಿನ್ನರ ಹಡಗಿಗೇ ಹೋಗಿದೆ, ತೆಗೆದುಬಿಡಿ. 'ಹೇಸರಗತ್ತೆಗೆ ಮರಿಯಾಗದಂತೆ ಪ್ರಕೃತಿ ತಡೆದಿದೆ' ಎಂದಿದ್ದೀರಿ. ಪ್ರಕೃತಿ ಕಾವಲಿಗೆ ಕೂತಿಲ್ಲ. ಕುದುರೆಗೆ 64 ವರ್ಣತಂತು (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳು), ಕತ್ತೆಗೆ 62, ಹೇಸರಗತ್ತೆಗೆ ಸಿಗುವುದು 63. ವೀರ್ಯಾಣುವೋ ಅಂಡಾಣುವೋ ತಯಾರಾಗುವ ಹೊತ್ತಿಗೆ ಅವು ಸರಿಯಾಗಿ ಜೋಡಿ ಕೂಡುವುದಿಲ್ಲ. ಅಷ್ಟು ಹೇಳಿದರೆ ಸಾಕು.

ಈಗ ನೊಣ. ಉತ್ತರ ಅಮೆರಿಕದಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡದ ಹಣ್ಣಿನಲ್ಲಿ ಮೊಟ್ಟೆಯಿಡುತ್ತಿದ್ದ ಇದು, 19ನೇ ಶತಮಾನದ ನಡುಭಾಗದಲ್ಲಿ, ವಲಸಿಗರು ತಂದು ಬೆಳೆಸಿದ್ದ ಸೇಬಿಗೂ ಹೊಕ್ಕಿತು. 'ಹೀಗೆ ಹೊಸ ಪ್ರಭೇದ ಹುಟ್ಟಿತು' ಎಂದು ಬರೆದು ಮುಂದಕ್ಕೆ ಓಡಿದ್ದೀರಿ. ನಿಲ್ಲಿ ಸ್ವಾಮಿ! ಅದಿನ್ನೂ ಪೂರ್ತಿ ಹುಟ್ಟಿಲ್ಲ; ಎರಡೂ ಗುಂಪುಗಳು ಈಗಲೂ ಅಷ್ಟಿಷ್ಟು ಬೆರೆಯುತ್ತವೆ. ಸ್ವಾರಸ್ಯ ಇರುವುದೇ ಈ ಅರೆಬರೆಯಲ್ಲಿ. ಇವು ಕೂಡುವುದು ಹಣ್ಣಿನ ಮೇಲೆಯೇ. ಸೇಬಿನ ವಾಸನೆ ಹಿಡಿದು ಬಂದ ಹೆಣ್ಣಿಗೆ ಅಲ್ಲಿ ಎದುರಾಗುವ ಗಂಡೂ ಬಹುಪಾಲು ಸೇಬಿನದೇ. ಜೊತೆಗೆ ಸೇಬು ಮೂರ್ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ, ರೆಕ್ಕೆ ಬಂದ ನೊಣ ಬದುಕುವುದು ಹೆಚ್ಚುಕಡಿಮೆ ಒಂದು ತಿಂಗಳು. ಪಕ್ಕಪಕ್ಕದ ಮರದಲ್ಲಿದ್ದರೂ ಭೇಟಿಯಾಗುವುದು ಕಷ್ಟ. ನಡುವೆ ಬೆಟ್ಟವಿಲ್ಲ, ಹೊಳೆಯಿಲ್ಲ, ಬರೀ ಕ್ಯಾಲೆಂಡರು. 'ನಡುವೆ ಬೆಟ್ಟ, ನದಿ ಬಾರದೆ ಪ್ರಭೇದ ಒಡೆಯದು' ಎಂಬ ಮೂರನೇ ಪುಟದ ನಿಮ್ಮದೇ ಘೋಷಣೆಯನ್ನು ನಿಮ್ಮದೇ ನೊಣ ಅಲ್ಲಾಡಿಸುತ್ತಿದೆ. ಗಮನಿಸಿದಿರಾ?

ಪರಸ್ಪರ ಕೂಡಿ, ಮುಂದೆ ಮರಿಹಾಕಬಲ್ಲ ಸಂತಾನ ಪಡೆಯಬಲ್ಲವು ಒಂದೇ ಪ್ರಭೇದ ಎನ್ನುವ, 1942ರಲ್ಲಿ ಜೀವವಿಜ್ಞಾನಿ ಎರ್ನ್ಸ್ಟ್ ಮೇಯರ್ ಮುಂದಿಟ್ಟ ವ್ಯಾಖ್ಯೆ ಇರಲಿ. ಕೂಡದೆಯೇ ಇಬ್ಭಾಗವಾಗುವ ಬ್ಯಾಕ್ಟೀರಿಯಾಕ್ಕೆ ಅದು ಒಗ್ಗದು ಎಂದು ಒಂದು ಸಾಲು ಸೇರಿಸಿ.

'ಒಮ್ಮೆ ಬೇರೆಯಾದವು ಮತ್ತೆ ಬೆರೆಯಲಾರವು' ಎಂಬುದೂ ತಪ್ಪು. ಆಫ್ರಿಕಾದ ವಿಕ್ಟೋರಿಯಾ ಸರೋವರದ ಕೆಲವು ಸಿಕ್ಲಿಡ್ ಮೀನುಗಳಲ್ಲಿ ಹೆಣ್ಣು ತನ್ನ ಜಾತಿಯ ಗಂಡನ್ನು ಬಣ್ಣ ನೋಡಿ ಆರಿಸುತ್ತದೆ. ನೀರು ಕದಡಿದ ಕಡೆ ನೀಲಿ ಯಾವುದು, ಕೆಂಪು ಯಾವುದು ತಿಳಿಯದೆ ಎರಡು ಜಾತಿಗಳು ಕಲಸಿಹೋಗುತ್ತವೆ. ನೊಣದ ಕಥೆಯ ತಿರುವುಮುರುವು ಇದು, ಪಕ್ಕದಲ್ಲಿಡಿ.

ನೊಣದಿಂದಲೇ ಶುರುಮಾಡಿ, ಅರ್ಧಕ್ಕೆ ಇಳಿಸಿ ಕಳಿಸಿ. 'ವಿಸ್ಮಯ' ಹನ್ನೊಂದು ಸಲ ಬಂದಿದೆ, ಎಣಿಸಿದೆ. ಒಂದೂ ಬೇಡ.

ಇಂತಿ,
ಸಂಪಾದಕ