ಸಂಪಾದಕರ ಉತ್ತರ: ಭಾಗಿಸುವ ಮೊದಲು ಪೆಟ್ಟಿಗೆಯೊಳಗೆ ನೋಡಿ

ಮಾನ್ಯ ಓದುಗರೇ,

ಮೈಸೂರಿನಿಂದ ನೀವು ಬರೆದ ಪತ್ರ ತಲುಪಿದೆ. ಸ್ಟಾರ್ ವಾರ್ಸ್ ಸಿನಿಮಾ ಸರಣಿಯ 3.75 ಇಂಚಿನ ಆಕ್ಷನ್ ಫಿಗರ್‌ಗಳನ್ನು ಮೂರು ವರ್ಷಗಳಿಂದ ಸಂಗ್ರಹಿಸುತ್ತಿರುವುದಾಗಿಯೂ, ನ್ಯೂಜೆರ್ಸಿಯಲ್ಲಿರುವ ನಿಮ್ಮ ಭಾವನವರು ದಸರೆಗೆ ಊರಿಗೆ ಬರುವಾಗ ನಾಲ್ಕು ಗೊಂಬೆಗಳ ಒಂದು ಮಲ್ಟಿಪ್ಯಾಕ್ ತಂದುಕೊಡಲು ಒಪ್ಪಿರುವುದಾಗಿಯೂ ತಿಳಿಸಿದ್ದೀರಿ. ಪ್ಯಾಕಿನ ಬೆಲೆ 56 ಡಾಲರ್, ಬಿಡಿ ಗೊಂಬೆಯದು 17 ಡಾಲರ್. ಆದ್ದರಿಂದ ಗೊಂಬೆಯೊಂದು 14 ಡಾಲರಿಗೆ ಬೀಳುತ್ತದೆ, ಒಟ್ಟು 12 ಡಾಲರ್ ಉಳಿಯುತ್ತದೆ, ಈ ಲೆಕ್ಕ ಸರಿಯೇ ಎಂದು ಕೇಳಿದ್ದೀರಿ. ಪೆಟ್ಟಿಗೆಯನ್ನು ತೆರೆಯಬೇಕೇ, ಹಾಗೆಯೇ ಇಡಬೇಕೇ ಎಂಬುದು ಎರಡನೆಯ ಪ್ರಶ್ನೆ. ಸಹೋದ್ಯೋಗಿಯೊಬ್ಬರು ಕೊಡಲು ಬಂದಿರುವ ಹಳೆಯ ಜಿ.ಐ. ಜೋ ಸೈನಿಕ ಗೊಂಬೆಗಳ ಡಬ್ಬದ ವಿಚಾರ ಮೂರನೆಯದು.

ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಭಾಜಕವನ್ನು ನೀವು ಅಂಗಡಿಯವರಿಂದ ಪಡೆದಿದ್ದೀರಿ. ಪೆಟ್ಟಿಗೆಯಲ್ಲಿ ನಾಲ್ಕು ಗೊಂಬೆಗಳಿವೆ ಎಂದು ಎಣಿಸಿದವರು ಅವರು. ಬಿಡಿಯಾಗಿ ಸಿಕ್ಕಿದ್ದರೆ ಇವುಗಳಲ್ಲಿ ಎಷ್ಟನ್ನು ಹಣ ಕೊಟ್ಟು ಕೊಳ್ಳುತ್ತಿದ್ದೆ ಎಂದು ನೀವು ಎಣಿಸಬೇಕು. ಪತ್ರದ ಪ್ರಕಾರ ಅದರಲ್ಲಿ ಒಂದೇ ಬಗೆಯ, ಬಿಳಿ ಕವಚ ತೊಟ್ಟ ಸೈನಿಕರಾದ ಇಬ್ಬರು ಸ್ಟಾರ್ಮ್‌ಟ್ರೂಪರ್‌ಗಳು, ಒಬ್ಬ ಪೈಲಟ್ ಮತ್ತು ಬೇರೆಲ್ಲೂ ಬಿಡಿಯಾಗಿ ಸಿಗದ ಒಂದು ಡ್ರಾಯ್ಡ್, ಅಂದರೆ ಯಂತ್ರಮಾನವ, ಇವೆ. ಪೈಲಟ್ ಹೋದ ವರ್ಷವೇ ನಿಮ್ಮ ಕಪಾಟು ಸೇರಿದ್ದಾನೆ. ಟ್ರೂಪರ್ ಒಬ್ಬನೇ ಸಾಕು ಎಂದಾದರೆ 56ರಲ್ಲಿ ಅವನ 17 ಕಳೆದು ಉಳಿಯುವ 39 ಡಾಲರೂ ಆ ಡ್ರಾಯ್ಡ್ ಒಂದರ ಬೆಲೆ. ಟ್ರೂಪರ್‌ಗಳ ಸಾಲು ನಿಲ್ಲಿಸುವ ಹಂಬಲವಿದ್ದು ಎರಡನೆಯವನೂ ನಿಜವಾಗಿ ಬೇಕು ಎಂದಾದರೆ ಅದು 22ಕ್ಕೆ ಇಳಿಯುತ್ತದೆ. ಪೈಲಟ್‌ನನ್ನು ಮಾರಿ, ಅಂಚೆ ಖರ್ಚು ಕಳೆದು, 8 ಡಾಲರಿನಷ್ಟು ಹಣ ಕೈಗೆ ಬಂದರೆ ಡ್ರಾಯ್ಡ್ 14ಕ್ಕೆ ಬಂದು ನಿಲ್ಲುತ್ತದೆ. ನೀವು ಮೊದಲು ಹೇಳಿದ 14 ಇದೇ. ಆದರೆ ಅಲ್ಲಿಗೆ ತಲುಪಲು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಒಬ್ಬ ಪೈಲಟ್‌ಗಾಗಿ ಕಾದಿರುವ ಗಿರಾಕಿಯನ್ನು ಹುಡುಕಬೇಕು. ಅಂಥ ಗಿರಾಕಿಯನ್ನು ನಂಬಿ ನಾನು ಕೊಂಡ ಮೂರು ಗೊಂಬೆಗಳ ಪ್ಯಾಕೊಂದರಿಂದ ಉಳಿದ ಇಬ್ಬರು ಆರು ವರ್ಷಗಳಿಂದ ನನ್ನ ಮೇಜಿನ ಡ್ರಾಯರಿನಲ್ಲಿ ಸ್ಟೇಪ್ಲರ್ ಪಕ್ಕ ಮಲಗಿದ್ದಾರೆ.

ಹಾಗಾದರೆ ಮಲ್ಟಿಪ್ಯಾಕ್ ಎಂದರೆ ಬೇಡವಾದುದನ್ನು ತಲೆಗೆ ಕಟ್ಟುವ ಉಪಾಯವಷ್ಟೇ ಎಂದು ನಾನು ಹೇಳಲಾರೆ, ಏಕೆಂದರೆ ಈ ಹವ್ಯಾಸದ ಅತ್ಯಂತ ಪ್ರಸಿದ್ಧ ಗೊಂಬೆಗಳಲ್ಲೊಂದು ಹುಟ್ಟಿದ್ದೇ ಇಂಥ ಪೆಟ್ಟಿಗೆಯಲ್ಲಿ. 1978ರ ಕ್ರಿಸ್‌ಮಸ್ ವ್ಯಾಪಾರಕ್ಕಾಗಿ ಅಮೆರಿಕದ ಸಿಯರ್ಸ್ ಮಳಿಗೆಗೆಂದೇ ಕೆನ್ನರ್ ಎಂಬ ಆಟಿಕೆ ಕಂಪನಿಯು ಸಿನಿಮಾದಲ್ಲಿ ಬರುವ ಪಾನಗೃಹದ ರಟ್ಟಿನ ಮಾದರಿಯೊಂದನ್ನು ನಾಲ್ಕು ಅನ್ಯಲೋಕದ ಗೊಂಬೆಗಳ ಜೊತೆ ತಯಾರಿಸಿತು: ಗ್ರೀಡೋ, ಹ್ಯಾಮರ್‌ಹೆಡ್, ವಾಲ್ರಸ್ ಮ್ಯಾನ್ ಮತ್ತು ಸ್ನ್ಯಾಗಲ್‌ಟೂತ್. ಕೊನೆಯ ಪಾತ್ರದ ಸೊಂಟದಿಂದ ಮೇಲಿನ ಚಿತ್ರವಷ್ಟೇ ಶಿಲ್ಪಿಗಳ ಕೈಯಲ್ಲಿತ್ತು. ಕಾಣದ ಭಾಗವನ್ನು ಅವರು ಊಹಿಸಿ, ಉಳಿದವರಷ್ಟೇ ಎತ್ತರದ ಮೈಗೆ ನೀಲಿ ಉಡುಪು ತೊಡಿಸಿ, ಬೆಳ್ಳಿ ಬಣ್ಣದ ಬೂಟುಗಳನ್ನು ಹಾಕಿದರು. ಸಿನಿಮಾದಲ್ಲಿ ಆ ಪಾತ್ರ ಕುಳ್ಳ. ತಪ್ಪು ತಿಳಿದ ಮೇಲೆ, 1979ರಲ್ಲಿ ರಟ್ಟಿನ ಕಾರ್ಡಿನ ಮೇಲೆ ಬಿಡಿಯಾಗಿ ಬಂದ ಸ್ನ್ಯಾಗಲ್‌ಟೂತ್ ಕುಳ್ಳನಾಗಿ, ಕೆಂಪು ಉಡುಪಿನಲ್ಲಿ, ಬರಿಗಾಲಿನಲ್ಲಿ ನಿಂತಿದ್ದ. ಉಳಿದ ಮೂವರೂ ಬಿಡಿಯಾಗಿ ಬಂದರು. ನೀಲಿಯವನು ಮಾತ್ರ ಆ ಪೆಟ್ಟಿಗೆ ಕೊಂಡವರ ಮನೆಗಳಲ್ಲೇ ಉಳಿದ. ಇಂದು ಹಳೆಯ ಗೊಂಬೆಗಳ ಪೇಟೆಯಲ್ಲಿ ಅವನೊಬ್ಬನ ಬೆಲೆ ಸಾಮಾನ್ಯವಾಗಿ ಮಿಕ್ಕ ಮೂವರ ಬೆಲೆಯನ್ನು ಒಟ್ಟು ಸೇರಿಸಿದರೂ ಅದಕ್ಕಿಂತ ಹೆಚ್ಚು. ಆದರೆ ಅಂದು ಸಿಯರ್ಸ್‌ನಲ್ಲಿ ಹಣ ತೆತ್ತ ತಂದೆತಾಯಿಯರಲ್ಲಿ ಯಾರೂ ಈ ತಪ್ಪನ್ನು ಲೆಕ್ಕಕ್ಕೆ ಹಿಡಿದಿರಲಾರರು. ಆದಕಾರಣ ‘ಮುಂದೆ ಬೆಲೆ ಬಂದೀತು’ ಎಂಬ ಅಂಕಣವನ್ನು ನಿಮ್ಮ ಲೆಕ್ಕದಿಂದ ಹೊಡೆದುಹಾಕಿ.

ಇದರ ಪಕ್ಕದಲ್ಲಿ ಅದೇ ಕೆನ್ನರ್‌ನ ಆರಂಭದ ಕಾಲದ ಮೂರು ಗೊಂಬೆಗಳ ಪೆಟ್ಟಿಗೆಗಳನ್ನು ಇಟ್ಟು ನೋಡಬೇಕು. ಆಂಡ್ರಾಯ್ಡ್ ಸೆಟ್ ಎಂಬ ಹೆಸರಿನ ಪೆಟ್ಟಿಗೆಯಲ್ಲಿ ಎರಡು ಯಂತ್ರಮಾನವರ ಜೊತೆ ಮೈತುಂಬ ರೋಮವಿರುವ ಚ್ಯೂಬಾಕಾ ಏಕೆ ಕುಳಿತಿದ್ದಾನೆ ಎಂದು ನನಗೆ ಇನ್ನೂ ತಿಳಿದಿಲ್ಲ. ಆ ಪೆಟ್ಟಿಗೆಗಳೊಳಗಿನ ಗೊಂಬೆಗಳು ಬಿಡಿಯಾಗಿಯೂ ಸಿಗುತ್ತಿದ್ದ ಗೊಂಬೆಗಳೇ ಆಗಿದ್ದವು. ಪೆಟ್ಟಿಗೆಯಿಂದ ಹೊರಬಂದ ಕ್ಷಣವೇ ಅವು ಎಲ್ಲರ ಮನೆಯ ಗೊಂಬೆಗಳಂತಾದವು. ಸಂಗ್ರಾಹಕರು ಇಂದು ಹುಡುಕುವುದು ಪೆಟ್ಟಿಗೆಯ ರಟ್ಟನ್ನು. 1997ರಲ್ಲಿ ಆರಂಭವಾದ ‘ಸಿನಿಮಾ ಸೀನ್ಸ್’ ಸಾಲಿನ ಪ್ಯಾಕುಗಳು ಇವೆರಡರ ನಡುವಿನವು. ಡ್ರಾಯ್ಡ್‌ಗಳ ಖರೀದಿಯ ದೃಶ್ಯದ ಪ್ಯಾಕಿನಲ್ಲಿ ಎಲ್ಲರ ಬಳಿಯೂ ಇದ್ದ ಲ್ಯೂಕ್ ಮತ್ತು ಸಿ-3ಪಿಒ ಜೊತೆಗೆ ಅದುವರೆಗೆ ಗೊಂಬೆಯಾಗಿ ಬಾರದ ರೈತ ಅಂಕಲ್ ಓವನ್ ಇದ್ದರು. ಒಬ್ಬ ರೈತನಿಗಾಗಿ ಮೂವರ ಹಣ. ನಿಮ್ಮ ಡ್ರಾಯ್ಡ್ ಪ್ಯಾಕ್ ಇದೇ ಜಾತಿಯದು ಎಂದು ನನಗೆ ತೋರುತ್ತದೆ.

ಬೆಲೆಗಿಂತ ಮೊದಲು ಅಚ್ಚನ್ನು ನೋಡುವುದು ಒಳ್ಳೆಯದು. ಪ್ಯಾಕುಗಳಲ್ಲಿ ಹಳೆಯ ಅಚ್ಚಿನ ಮೈಗೆ ಹೊಸ ಬಣ್ಣ ಬಳಿದು ಕೊಡುವುದು ಸಾಮಾನ್ಯ. 1978ರ ಗೊಂಬೆಗಳಿಗೆ ಕತ್ತು, ಎರಡು ಭುಜ, ಎರಡು ತೊಡೆಸಂದು ಎಂದು ಐದೇ ಕೀಲುಗಳಿದ್ದವು; ಇಂದಿನ ದುಬಾರಿ ಬಿಡಿ ಗೊಂಬೆಗಳಲ್ಲಿ ಮೊಣಕೈ, ಮೊಣಕಾಲು, ಪಾದಗಳೂ ಬಾಗುತ್ತವೆ. ಪ್ಯಾಕಿನ ಟ್ರೂಪರ್ ಐದು ಕೀಲಿನವನಾಗಿದ್ದರೆ ಅವನನ್ನು 17 ಡಾಲರಿನ ಬಿಡಿ ಟ್ರೂಪರ್‌ಗೆ ಹೋಲಿಸುವುದೇ ತಪ್ಪು, ಮತ್ತು ಮೇಲೆ ನಾನು ಮಾಡಿದ ಲೆಕ್ಕವೂ ಕುಸಿಯುತ್ತದೆ. ಜೊತೆಗೆ ಬರುವ ಬಂದೂಕು, ಬೆನ್ನುಚೀಲಗಳನ್ನೂ ಎಣಿಸಿ. ಕಣ್ಣಿನ ಬಣ್ಣ ಪಕ್ಕಕ್ಕೆ ಜರುಗಿದೆಯೇ ಎಂದು ಪೆಟ್ಟಿಗೆಯ ಕಿಟಕಿಯಿಂದಲೇ ಕಾಣುತ್ತದೆ. ಭಾವನವರು ಅಂಗಡಿಯಲ್ಲಿ ಎರಡು ಮೂರು ಪೆಟ್ಟಿಗೆಗಳನ್ನು ಎತ್ತಿ ನೋಡಿ ಆರಿಸುವಷ್ಟು ತಾಳ್ಮೆ ತೋರಿದರೆ ಸಾಕು.

ಪೆಟ್ಟಿಗೆ ತೆರೆಯಿರಿ. ಇಂದು ಅಂಗಡಿಯಲ್ಲಿ ಸಿಗುವ ಪ್ಯಾಕನ್ನು ನಿಮ್ಮಂತೆಯೇ ಯೋಚಿಸಿ ಒಡೆಯದೆ ಇಟ್ಟಿರುವವರು ಬಹಳ ಮಂದಿ ಇದ್ದಾರೆ. 1978ರ ಪೆಟ್ಟಿಗೆಗಳು ಅಪರೂಪವಾದದ್ದು ಮಕ್ಕಳು ಅವನ್ನು ಹರಿದು ಎಸೆದದ್ದರಿಂದ. ತೆರೆದಾಗ ಟ್ರೇಯಲ್ಲಿ ಬಿಗಿದಿಟ್ಟ ಗೊಂಬೆಗಳ ಕಾಲು ಸೊಟ್ಟಗಾಗಿರುವುದು ಕಂಡರೆ ಗಾಬರಿಪಡಬೇಡಿ: ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಆ ಮೆದು ಪ್ಲಾಸ್ಟಿಕ್ ಹಾಗೆಯೇ ನಿಲ್ಲುತ್ತದೆ. ಬಿಳಿಯ ಟ್ರೂಪರ್‌ಗಳನ್ನು ಮಾತ್ರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಹಳದಿಯಾಗುತ್ತಾರೆ.

ಭಾವನವರು ತರುವುದರಿಂದ ನಿಮಗಾಗುವ ಲಾಭ ಆ 12 ಡಾಲರಿಗಿಂತ ದೊಡ್ಡದು. ಕೊರಿಯರ್‌ನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದದ್ದನ್ನೇ ಕಿಲೋ ಲೆಕ್ಕದ ತೂಕವೆಂದು ಹಿಡಿದು ದರ ಹಾಕುತ್ತಾರೆ. ನಿಮ್ಮ ಪೆಟ್ಟಿಗೆ 30, 25, 8 ಸೆಂಟಿಮೀಟರ್ ಇದ್ದರೆ 1.2 ಕಿಲೋ ಆಗುತ್ತದೆ, ಒಳಗಿರುವುದು ಬಹುಪಾಲು ಗಾಳಿ. ಇನ್ನು ವ್ಯಾಪಾರಿಗಳು ತರಿಸುವ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿದ್ದರಿಂದ ಇಲ್ಲಿನ ಅಂಗಡಿಯ ಬೆಲೆಯನ್ನು ಅಲ್ಲಿನದಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ಸಹೋದ್ಯೋಗಿಯ ಡಬ್ಬಕ್ಕೆ ಬರೋಣ. ಫನ್‌ಸ್ಕೂಲ್ ಕಂಪನಿ ನಮ್ಮ ದೇಶದಲ್ಲೇ ತಯಾರಿಸಿದ ಹನ್ನೊಂದು ಜಿ.ಐ. ಜೋ ಗೊಂಬೆಗಳು ಎಂದು ಬರೆದಿದ್ದೀರಿ. ಅಮೆರಿಕದ ಗೊಂಬೆಗಳಿಗಿಲ್ಲದ ಬಣ್ಣಗಳಿರುವುದರಿಂದ ಇವುಗಳನ್ನು ವಿದೇಶದ ಸಂಗ್ರಾಹಕರೂ ಹುಡುಕುತ್ತಾರೆ. ಹಾಗೆಂದು ಹನ್ನೊಂದಕ್ಕೂ ಒಂದೇ ದರ ಕಟ್ಟಬೇಡಿ. ಪ್ರತಿಯೊಂದರ ಹೆಬ್ಬೆರಳು ಮುರಿದಿದೆಯೇ ನೋಡಿ, ಏಕೆಂದರೆ ಬಂದೂಕನ್ನು ಒತ್ತಿ ತುರುಕುವಾಗ ಮೊದಲು ಹೋಗುವುದು ಅದೇ. ತೊಡೆಗಳ ನಡುವಿನ ತುಂಡೂ ಹಾಗೆಯೇ ಸೀಳುತ್ತದೆ. ಈ ಎರಡಕ್ಕೂ ಮದ್ದಿಲ್ಲ. ಸೊಂಟ ಜೋತುಬಿದ್ದು ಕಾಲುಗಳು ನೇತಾಡುತ್ತಿದ್ದರೆ ಮಾತ್ರ ಒಳಗೊಳಗೇ ಸಂತೋಷಪಟ್ಟು, ಮುಖದಲ್ಲಿ ತೋರಿಸಿಕೊಳ್ಳದೆ, ಬೆಲೆ ಇಳಿಸಿ ಕೇಳಿ: ಎದೆಯನ್ನೂ ಕಾಲುಗಳನ್ನೂ ಹಿಡಿದಿಡುವ ರಬ್ಬರ್ ಉಂಗುರ ಹಳತಾಗಿ ತುಂಡಾಗಿರುತ್ತದೆ ಅಷ್ಟೇ. ಬೆನ್ನಿನ ಸ್ಕ್ರೂ ಬಿಚ್ಚಿ, ಅದೇ ಅಳತೆಯ ಹೊಸ ಉಂಗುರವನ್ನು ಒಳಗಿನ ಲೋಹದ ಕೊಕ್ಕೆಗೆ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಅವನು ಎದ್ದು ನಿಲ್ಲುತ್ತಾನೆ.

– ಸಂಪಾದಕ