ಎರಡನೆಯ ಮಗುವಿನ ಮಾತು ಆಮೇಲೆ, ಮೊದಲ ಬಾಣಂತನ ಮುಗಿಯಲಿ

ಓದುಗರ ಪ್ರಶ್ನೆಗೆ ಸಮುದಾಯ ಆರೋಗ್ಯ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 32 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಮಗಳಿಗೆ ನಾಲ್ಕು ತಿಂಗಳು. ನನ್ನ ಅಮ್ಮ ಇಲ್ಲ. ಅತ್ತೆಗೆ ಮಂಡಿನೋವು, ಹದಿನೈದು ದಿನ ಇದ್ದು ಊರಿಗೆ ಮರಳಿದರು. ಹೆರಿಗೆಯಾದ ನಾಲ್ಕನೆಯ ದಿನವೇ ಗಂಡ ಕಚೇರಿಗೆ ಹೋಗಬೇಕಾಯಿತು. ಈಗ ನನ್ನ ರಜೆಯೂ ಮುಗಿಯುತ್ತಾ ಬಂದಿದೆ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಇದರ ನಡುವೆ ಬಂದವರೆಲ್ಲ ‘ಇನ್ನೊಂದು ಯಾವಾಗ?’ ಎನ್ನುತ್ತಾರೆ. ದಕ್ಷಿಣದಲ್ಲಿ ಜನನ ಪ್ರಮಾಣ ಕುಸಿಯಲು ಓದಿದ ಹೆಣ್ಣುಮಕ್ಕಳೇ ಕಾರಣ ಎಂದು ಭಾವನವರು ವಾದಿಸುತ್ತಾರೆ. ಒಂದೇ ಸಾಕು ಎನ್ನುವ ನಾನು ಸ್ವಾರ್ಥಿಯೇ?

ಉತ್ತರ: ಜನಸಂಖ್ಯೆಯ ವಿಚಾರ ಸ್ವಲ್ಪ ಕಾಯಲಿ, ಮೊದಲು ನಿಮ್ಮ ಅಳುವಿನ ಬಗ್ಗೆ ಮಾತಾಡೋಣ. ಹೆರಿಗೆಯಾದ ಮೊದಲ ಎರಡು ವಾರ ಮನಸ್ಸು ಭಾರವಾಗುವುದು, ಕಣ್ಣು ತುಂಬಿಬರುವುದು ಬಹುತೇಕ ಬಾಣಂತಿಯರಲ್ಲಿ ಇರುತ್ತದೆ, ತಾನಾಗಿಯೇ ಹೋಗುತ್ತದೆ. ನಾಲ್ಕನೆಯ ತಿಂಗಳಲ್ಲೂ ಅಳು ನಿಂತಿಲ್ಲ, ಮಗು ಮಲಗಿದಾಗಲೂ ನಿದ್ದೆ ಹತ್ತುತ್ತಿಲ್ಲ ಎಂದರೆ ವೈದ್ಯರಿಗೆ ತೋರಿಸಲೇಬೇಕು. ಇದು ಹೆರಿಗೆಯ ನಂತರದ ಖಿನ್ನತೆ ಆಗಿರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಜೊತೆಗಿರಬಹುದು. ಹತ್ತು ಸರಳ ಪ್ರಶ್ನೆಗಳ ಒಂದು ಪಟ್ಟಿಯಿಂದ ವೈದ್ಯರು ಇದನ್ನು ಅಂದಾಜು ಮಾಡುತ್ತಾರೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಈ ವಾರವೇ ಹೋಗಿ. ಹೊರಡಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಮ ಊರಿನಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಒಟ್ಟಿಗೆ ಉಳಿದು ಚಿಕಿತ್ಸೆ ಪಡೆಯುವ ವಿಭಾಗವೂ ಇದೆ. ನಿಮಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡಬೇಕು ಎಂಬ ಯೋಚನೆ ಒಮ್ಮೆ ಸುಳಿದರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಈ ಉತ್ತರವನ್ನು ಗಂಡನಿಗೂ ಓದಲು ಕೊಡಿ.

ಈಗ ನಿಮ್ಮ ಪ್ರಶ್ನೆ. ನೀವು ಸ್ವಾರ್ಥಿಯಲ್ಲ.

ನಮ್ಮಲ್ಲಿ ಬಾಣಂತನ ಎಂದರೆ ಒಂದು ಇಡೀ ವ್ಯವಸ್ಥೆಯಾಗಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಮಗಳು ಮೂರು ತಿಂಗಳೋ ಐದು ತಿಂಗಳೋ ಕಳೆದು ಬರುತ್ತಿದ್ದಳು. ಬೆಳಗ್ಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯಲು ಒಬ್ಬರು, ಕಾಲು ನೀಡಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಲು ಇನ್ನೊಬ್ಬರು, ಸಬ್ಬಸಿಗೆ ಸೊಪ್ಪು ಬೇಯಿಸಲು, ಅಂಟಿನುಂಡೆ ಕಟ್ಟಲು ಮತ್ತೊಬ್ಬರು. ಹಾಲು ಕುಡಿಸುವುದೊಂದೇ ತಾಯಿಯ ಕೆಲಸ. ಆ ಕ್ರಮದಲ್ಲಿ ತಪ್ಪುಗಳೂ ಇದ್ದವು. ಆದರೆ ಬಾಣಂತಿ ಒಂಟಿಯಾಗಿರಲಿಲ್ಲ. ನಿಮ್ಮ ಫ್ಲಾಟಿನಲ್ಲಿ ಅಷ್ಟೂ ಜನರ ಕೆಲಸ ನಿಮ್ಮೊಬ್ಬರ ತಲೆಯ ಮೇಲೆ ಬಿದ್ದಿದೆ. ಆ ಕೈಗಳ ಜಾಗಕ್ಕೆ ಸರ್ಕಾರವೂ ಬಂದಿಲ್ಲ, ಕಂಪನಿಯೂ ಬಂದಿಲ್ಲ, ಗಂಡನಿಗೂ ಬರಲು ಬಿಟ್ಟಿಲ್ಲ. ಇದನ್ನು ಅನುಭವಿಸಿದ ಹೆಣ್ಣುಮಗಳು ಮತ್ತೊಮ್ಮೆ ಹೆರಲು ಹಿಂಜರಿದರೆ ಅವಳನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ.

ಭಾವನವರ ಅಂಕಿಅಂಶ ಸುಳ್ಳಲ್ಲ. ತಲೆಮಾರಿನಿಂದ ತಲೆಮಾರಿಗೆ ಜನಸಂಖ್ಯೆ ಸಮನಾಗಿರಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿ 2.0, ಕರ್ನಾಟಕದ್ದು 1.7. ಮೂವತ್ತು ವರ್ಷದ ಹಿಂದೆ ನಮ್ಮ ರಾಜ್ಯದಲ್ಲಿ ಇದು ಮೂರರ ಆಸುಪಾಸಿನಲ್ಲಿತ್ತು. ಆದರೆ ಈ ಇಳಿಕೆಯಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳು ಶಾಲೆಗೆ ಹೋದದ್ದರಿಂದ, ಹುಟ್ಟಿದ ಮಕ್ಕಳು ಬದುಕಿ ಉಳಿದದ್ದರಿಂದ, ಕುಟುಂಬ ಯೋಜನೆ ಮನೆಮನೆ ತಲುಪಿದ್ದರಿಂದ ಬಂದದ್ದು. ಅದನ್ನು ನಾನು ಗೆಲುವು ಎಂದೇ ಕರೆಯುತ್ತೇನೆ. ನನ್ನ ಸಂಕಟ ಇನ್ನೊಂದು ಗುಂಪಿನ ಬಗ್ಗೆ: ಇನ್ನೊಂದು ಮಗು ಬೇಕು ಎಂಬ ಆಸೆಯಿದ್ದೂ ಧೈರ್ಯ ಸಾಲದವರು. 2025ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಭಾರತವೂ ಸೇರಿ 14 ದೇಶಗಳ ಜನರನ್ನು ಕೇಳಿದಾಗ, ಬಯಸಿದಷ್ಟು ಮಕ್ಕಳನ್ನು ಪಡೆಯಲು ಹಣಕಾಸಿನ ಅಡಚಣೆ ಅಡ್ಡಿ ಎಂದವರು ಶೇ 39.

2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದು ಕರೆ ಕೊಟ್ಟರು. ಜನಸಂಖ್ಯೆ ಆಧರಿಸಿದ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ತಮ್ಮ ಪಾಲು ಕುಗ್ಗೀತು ಎಂಬ ಆತಂಕದಿಂದ ದಕ್ಷಿಣದಲ್ಲಿ ಇಂಥ ಮಾತು ಹೆಚ್ಚುತ್ತಿದೆ. ಕರೆ ಕೊಟ್ಟ ಮಾತ್ರಕ್ಕೆ, ದುಡ್ಡು ಕೊಟ್ಟ ಮಾತ್ರಕ್ಕೆ ಮಕ್ಕಳು ಹುಟ್ಟುವುದಿಲ್ಲ. ದಕ್ಷಿಣ ಕೊರಿಯಾ ಹೇರಳವಾಗಿ ಹಣ ಸುರಿದಿದೆ. ಆದರೂ 2023ರಲ್ಲಿ ಅಲ್ಲಿನ ಸರಾಸರಿ 0.72ಕ್ಕೆ ಇಳಿಯಿತು. ಸ್ವೀಡನ್‌ನಲ್ಲಿ ತಂದೆತಾಯಿ ಹಂಚಿಕೊಳ್ಳಲು 480 ದಿನಗಳ ರಜೆಭತ್ಯೆ ಇದೆ, ಅದರಲ್ಲಿ 90 ದಿನ ತಂದೆಗೇ ಮೀಸಲು. ಅಲ್ಲಿಯೂ ಜನನ ಪ್ರಮಾಣ ಇಳಿದಿದೆ. ಹಾಗಾಗಿ ರಜೆ ಕೊಟ್ಟರೆ ಜನಸಂಖ್ಯೆ ಏರುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಜನಸಂಖ್ಯೆ ಏರಲಿ, ಬಿಡಲಿ, ಬಾಣಂತಿಗೆ ಆಸರೆ ಸಿಗಲೇಬೇಕು. ಹೆತ್ತ ಮೈಗೆ, ಹುಟ್ಟಿದ ಕೂಸಿಗೆ ಅದು ಬೇಕು. ಎರಡನೆಯ ಮಗುವಿಗೆ ಮುಂಗಡವಾಗಿ ಅದನ್ನು ಕೊಡಬೇಕಾಗಿಲ್ಲ.

ಕೆಲಸಕ್ಕೆ ಮರಳುವ ಮುನ್ನ ನಿಮ್ಮ ಹಕ್ಕು ತಿಳಿದಿರಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಂತೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಲೇಬೇಕು, ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಕೇಳಿ; ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಲು ಆ ಇಮೇಲ್ ಬೇಕಾಗುತ್ತದೆ.

ಪ್ರಶ್ನೆ: ನಾನು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಹೆಂಡತಿಗೆ ಏಳು ತಿಂಗಳು, ಇದು ನಮ್ಮ ಮೊದಲ ಮಗು. ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಸಂಬಳ 14 ಸಾವಿರ. ಗಂಡನಿಗೆ ರಜೆ ಇದೆಯೇ? ಅವಳಿಗೆ ಏನು ಸಿಗುತ್ತದೆ?

ಉತ್ತರ: ಸರ್ಕಾರಿ ನೌಕರನಾದ ತಂದೆಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕೆಲಸದಲ್ಲಿರುವ ತಂದೆಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ಇದು ಅನ್ಯಾಯ, ಬೇರೆ ಮಾತಿಲ್ಲ. ನಿಮ್ಮ ಗಳಿಕೆ ರಜೆಯನ್ನು ಈಗಿನಿಂದಲೇ ಉಳಿಸಿ, ದಿನಾಂಕ ಹೇಳಿ ಅರ್ಜಿ ಕೊಟ್ಟಿಡಿ.

ಹೆಂಡತಿಯ ಸಂಬಳದಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದೆಯೇ ನೋಡಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಅದು ಅನ್ವಯಿಸುತ್ತದೆ. ಅಗತ್ಯವಾದಷ್ಟು ದಿನಗಳ ವಂತಿಗೆ ಕಟ್ಟಿದ್ದರೆ 26 ವಾರಗಳ ವೇತನ ಇಎಸ್‌ಐ ನಿಗಮದಿಂದಲೇ ಬರುತ್ತದೆ, ಅಂಗಡಿಯವರ ಕೈಯಿಂದ ಹೋಗುವುದಿಲ್ಲ. ಇದನ್ನು ಮಾಲೀಕರಿಗೂ ತಿಳಿಸಿ. ಎಷ್ಟೋ ಮಂದಿ ತಮಗೆ ಹೊರೆಯಾಗುತ್ತದೆ ಎಂಬ ಭಯದಿಂದಲೇ ಬಸುರಿಯನ್ನು ಕೆಲಸ ಬಿಡಿಸುತ್ತಾರೆ. ಇಎಸ್‌ಐ ಇಲ್ಲದಿದ್ದರೆ ಅಂಗನವಾಡಿಯಲ್ಲಿ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ ಬಗ್ಗೆ ವಿಚಾರಿಸಿ, ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ. 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ಎಂದಿತ್ತು. ಕೊಟ್ಟ ಮಾತಿಗಿಂತ ಕಡಿಮೆ ಕೊಟ್ಟು ವರ್ಷಗಳೇ ಕಳೆದಿವೆ ಎನ್ನುವುದನ್ನು ನಿಮ್ಮ ಶಾಸಕರಿಗೆ, ಸಂಸದರಿಗೆ ನೆನಪಿಸಿ.

ಪ್ರಶ್ನೆ: ನನ್ನ ತಾಯಿ ಎಂಟು ಹೆತ್ತವರು, ನಾನು ಮೂರು. ಈಗಿನವರಿಗೆ ಒಂದೇ ಭಾರ. ಮುಂದಿನ ತಿಂಗಳು ತೀರ್ಥಹಳ್ಳಿಯಿಂದ ಸೊಸೆಯ ಬಾಣಂತನಕ್ಕೆ ಮೈಸೂರಿಗೆ ಹೊರಟಿದ್ದೇನೆ. ಹಳೆಯ ಕ್ರಮ ಯಾವುದೂ ಬೇಡ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ಅಮ್ಮ, ನೀವು ಹೊರಟಿದ್ದೀರಲ್ಲ, ಅದೇ ಅವಳ ಭಾಗ್ಯ. ನಿಮ್ಮ ತಾಯಿ ಹೆತ್ತಾಗ ಮನೆಯಲ್ಲಿ ಅತ್ತೆ, ಓರಗಿತ್ತಿ, ನಾದಿನಿ ಎಷ್ಟು ಜನ ಇದ್ದರು ಎಂದು ಒಮ್ಮೆ ಲೆಕ್ಕ ಹಾಕಿ. ನಿಮ್ಮ ಸೊಸೆಗೆ ಇರುವುದು ನೀವೊಬ್ಬರೇ.

ಎಣ್ಣೆನೀರು ಅವಳಿಗೆ ಹಿತವಾದರೆ ಮಾಡಿ. ಬೆಳ್ಳುಳ್ಳಿ, ಸಬ್ಬಸಿಗೆ, ತುಪ್ಪ ಧಾರಾಳವಾಗಿ ಬಡಿಸಿ, ಜೊತೆಗೆ ತರಕಾರಿ, ಹಣ್ಣು, ಬೇಳೆಯನ್ನೂ ಕೊಡಿ. ಪಥ್ಯದ ಹೆಸರಿನಲ್ಲಿ ಹೊಟ್ಟೆ ಕಟ್ಟಬೇಡಿ. ಬಾಯಾರಿದಷ್ಟು ನೀರು ಕುಡಿಯಲಿ. ಮುಚ್ಚಿದ ಕೋಣೆಯಲ್ಲಿ ಮಗುವಿಗೆ ಹೊಗೆ ಹಾಕುವುದು ಬೇಡ. ಜೇನು, ಬಜೆ, ಸಕ್ಕರೆ ನೀರು ಯಾವುದನ್ನೂ ನೆಕ್ಕಿಸಬೇಡಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ. ನೀವು ಮಾಡಬಹುದಾದ ದೊಡ್ಡ ಉಪಕಾರ ರಾತ್ರಿಯದು: ಎರಡು ಗಂಟೆಗೆ ಮಗು ಹಾಲು ಕುಡಿದ ಕೂಡಲೇ ಎತ್ತಿಕೊಂಡು, ಹೆಗಲಿಗೆ ಹಾಕಿ ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸುವುದನ್ನು ನೀವು ಅಥವಾ ನಿಮ್ಮ ಮಗ ಮಾಡಿ. ಅವಳಿಗೆ ಒಂದೇ ಸಮನೆ ಮೂರು ಗಂಟೆ ನಿದ್ದೆ ಸಿಕ್ಕರೆ ಹಾಲು, ಮನಸ್ಸು ಎರಡೂ ಸುಧಾರಿಸುತ್ತವೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಒಳಗೆ ಕರೆದು ಮಗುವಿನ ತೂಕ ನೋಡಿಸಿ.

ಮಗನಿಗೆ ರಜೆ ಇದ್ದರೆ ನೀವು ಅಲ್ಲಿರುವಾಗಲೇ ಅಷ್ಟನ್ನೂ ಮುಗಿಸಬಾರದು. ಅರ್ಧವನ್ನು ನೀವು ಊರಿಗೆ ಮರಳಿದ ಮರುದಿನದಿಂದ ತೆಗೆದುಕೊಳ್ಳಲಿ. ಬಸ್ಸಿಗೆ ಟಿಕೆಟ್ ಮಾಡಿಸುವ ಮೊದಲೇ ಇದನ್ನು ಮೂವರೂ ಕೂತು ಮಾತಾಡಿಕೊಳ್ಳಿ.